ಮನೆ ಮಾರೋಕಿದೆ, ಗೇಟಿನ ಮುಂದೆ ನೋಡ್ಕೊಂಡು ಕಾಲಿಡಿ

ತಿಂಡಿ ತಿಂತಾ ಇದನ್ನ ಕೇಳ್ತಾ ಇದ್ದೀರಾ ಅಂದ್ರೆ, ದಯವಿಟ್ಟು ಒಂದು ನಿಮಿಷ ನಿಲ್ಲಿಸಿ, ತಿಂಡಿ ಮುಗಿಸಿ ಆಮೇಲೆ ಬನ್ನಿ. ಯಾಕಂದ್ರೆ ಇವತ್ತು ನಾನು ಮಾತಾಡೋದು ನಾಯಿ ಕಕ್ಕದ ಬಗ್ಗೆ. ನಗಬೇಡಿ. ಈ ಒಂದು ವಿಷಯಕ್ಕೆ ನಮ್ಮ ಮನೆ ವ್ಯಾಪಾರ ಎರಡು ಸಲ ಮುರಿದು ಬಿತ್ತು. ಒಂದು ಸಲ ನಾಯಿಯಿಂದ, ಇನ್ನೊಂದು ಸಲ ನನ್ನಿಂದ. ನಾಯಿ ಮಾಡಿದ ತಪ್ಪಿಗಿಂತ ನಾನು ಮಾಡಿದ ತಪ್ಪೇ ದೊಡ್ಡದು. ಅದಕ್ಕೇ ಈ ಮಾತು.

ನಮ್ಮ ಮನೆ ಇರೋದು ಮೈಸೂರಿನ ಕುವೆಂಪುನಗರದಲ್ಲಿ. ಮೂವತ್ತು ನಲವತ್ತು ಸೈಟು, ಮುಂದೆ ಸಣ್ಣ ಜಗಲಿ, ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ. ಅಪ್ಪ ಪೈಸೆ ಪೈಸೆ ಕೂಡಿಟ್ಟು ಕಟ್ಟಿಸಿದ ಮನೆ. ಅಪ್ಪ ಹೋಗಿ ಎರಡು ವರ್ಷ ಆದ್ಮೇಲೆ ಅಮ್ಮ ಒಬ್ಬಳೇ ಇರೋದು ಕಷ್ಟ ಆಯ್ತು. ನಾನಿರೋದು ಬೆಂಗಳೂರಲ್ಲಿ. ಕೊನೆಗೆ ಅಮ್ಮನೇ ಹೇಳಿದ್ಲು, "ಮಾರಿಬಿಡೋಣ ಕಣೇ, ನಿನ್ನ ಹತ್ರಾನೇ ಬಂದಿರ್ತೀನಿ." ನಾನು ಆ ಧೈರ್ಯದ ಮೇಲೆ ಬೆಂಗಳೂರಲ್ಲಿ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ. ಉಳಿದ ದುಡ್ಡಿಗೆ ಮೂರು ತಿಂಗಳು ಗಡುವು. ಅಂದ್ರೆ, ಮೈಸೂರಿನ ಮನೆ ಮೂರು ತಿಂಗಳಲ್ಲಿ ಹೋಗಲಿಲ್ಲ ಅಂದ್ರೆ ಅಡ್ವಾನ್ಸೂ ಹೋಯ್ತು, ಫ್ಲ್ಯಾಟೂ ಹೋಯ್ತು.

ಖಾತೆ, ಇ.ಸಿ., ಟ್ಯಾಕ್ಸ್ ರಸೀದಿ ಎಲ್ಲಾ ಜೋಡಿಸಿದ್ದಾಯ್ತು. ಗೋಡೆಗೆ ಬಣ್ಣ ಹೊಡೆಸಿದ್ದಾಯ್ತು. ಸೋರೋ ನಲ್ಲಿ ಬದಲಾಯಿಸಿದ್ದಾಯ್ತು. ಒಂದು ಭಾನುವಾರ ಬೆಳಗ್ಗೆ ಬ್ರೋಕರ್ ಮೊದಲನೇ ಪಾರ್ಟೀನ ಕರ್ಕೊಂಡು ಬಂದ್ರು. ಗಂಡ, ಹೆಂಡತಿ, ಐದು ವರ್ಷದ ಮಗು. ಅಮ್ಮ ಬೆಳಗ್ಗೆ ಐದಕ್ಕೇ ಎದ್ದು ಗೇಟಿನ ಮುಂದೆ ನೀರು ಹಾಕಿ ಗುಡಿಸಿ, ದೊಡ್ಡ ರಂಗೋಲಿ ಬಿಟ್ಟಿದ್ಲು. ಕಾಫಿ ಡಿಕಾಕ್ಷನ್ ರೆಡಿ ಇತ್ತು. ಮಗು ಕಾರಿಂದ ಇಳಿದು ಓಡಿ ಬಂತು, ರಂಗೋಲಿ ದಾಟ್ತು, ಸೀದಾ ಹಾಲ್‌ಗೆ ನುಗ್ತು. ಕೆಂಪು ನೆಲದ ಮೇಲೆ ಅದರ ಶೂ ಗುರುತು. ಒಂದು, ಎರಡು, ಮೂರು, ನಾಲ್ಕು. ವಾಸನೆ ಆಮೇಲೆ ಬಂತು.

ಆ ತಾಯಿ ಮುಖ ಇವತ್ತಿಗೂ ನನ್ನ ಕಣ್ಣಲ್ಲಿದೆ. ಹಿತ್ತಲಿನ ನಲ್ಲಿಯಲ್ಲಿ ಮಗುವಿನ ಶೂ ತೊಳೆದ್ರು, ಕಾಫಿ ಕುಡೀಲಿಲ್ಲ, "ಫೋನ್ ಮಾಡ್ತೀವಿ" ಅಂದ್ರು. ಮನೆ ನೋಡೋಕೆ ಬಂದವರು "ಫೋನ್ ಮಾಡ್ತೀವಿ" ಅಂದ್ರೆ ಏನರ್ಥ ಅಂತ ನಿಮಗೇ ಗೊತ್ತು.

ಅದು ಬ್ರೂನೋ ಕೆಲಸ. ಪಕ್ಕದ ಮನೆ ಮೇಷ್ಟ್ರ ಲ್ಯಾಬ್ರಡಾರ್. 2020ರ ಲಾಕ್‌ಡೌನ್‌ನಲ್ಲಿ ಮೇಷ್ಟ್ರ ಮಗ ಬೆಂಗಳೂರಿಂದ ಮೈಸೂರಿಗೆ ಬಂದು ಮನೆಯಿಂದಲೇ ಕೆಲಸ ಮಾಡ್ತಿದ್ದ. ಆಗ ತಂದ ಮರಿ ಅದು. ಆಮೇಲೆ ಆಫೀಸ್ ವಾಪಸ್ ಕರೀತು, ಮಗ ಹೋದ, ನಾಯಿ ಇಲ್ಲೇ ಉಳೀತು. ಆ ಟೈಮಲ್ಲಿ ಹೀಗೆ ಬಂದು ವಯಸ್ಸಾದ ಅಪ್ಪ ಅಮ್ಮನ ಹತ್ರ ಉಳಿದ ನಾಯಿಗಳು ಎಷ್ಟು ಮನೇಲಿವೆ ಅಂತ ನಿಮ್ಮ ಬೀದೀಲೇ ಒಂದ್ಸಲ ಎಣಿಸಿ ನೋಡಿ. ಬ್ರೂನೋ ಈಗ ಮೂವತ್ತು ಕಿಲೋ ಮೇಲಿದ್ದಾನೆ. ಮೇಷ್ಟ್ರಿಗೆ ಎಪ್ಪತ್ತೆಂಟು ವರ್ಷ. ಹೆಂಡತಿ ಇಲ್ಲ. ಬೆಳಗ್ಗೆ ಐದೂವರೆಗೆ ಗೇಟ್ ತೆಗೀತಾರೆ, ಬ್ರೂನೋ ಹೊರಗೆ ಬರ್ತಾನೆ, ನಮ್ಮ ಗೇಟಿನ ಹತ್ರ ಇರೋ ದಾಸವಾಳದ ಗಿಡದ ಬುಡ ಅವನ ಖಾಯಂ ಜಾಗ. ಅಮ್ಮ ವರ್ಷಾನುಗಟ್ಟಲೆ ಅದನ್ನ ಸುಮ್ಮನೆ ಎತ್ತಿ ಹಾಕ್ತಿದ್ಲು. ಯಾರಿಗೂ ಹೇಳ್ತಿರಲಿಲ್ಲ. ಆ ಭಾನುವಾರ ಬ್ರೂನೋ ಸ್ವಲ್ಪ ಲೇಟಾಗಿ ಬಂದಿದ್ದ, ಅಷ್ಟೇ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ. ಬಾಟಲಿಗೆ ಕುಂಕುಮದ ಕೆಂಪು ನೀರು ತುಂಬಿ ಗೇಟಿಗೆ ಕಟ್ಟಿದೆ. ನಮ್ಮ ಕಡೆ ಎಷ್ಟೋ ಮನೆ ಮುಂದೆ ಈ ಬಾಟಲಿ ನೋಡಿರ್ತೀರಿ, ಕೆಲವರು ನೀಲಿ ಕಟ್ತಾರೆ. ಬ್ರೂನೋ ಬಾಟಲಿ ಮೂಸಿ ನೋಡಿ, ಅದರ ಪಕ್ಕದಲ್ಲೇ ಕೂತ. ಆಮೇಲೆ ಫಿನಾಯಿಲ್ ಸುರಿದೆ. ಅದೂ ಆಗ್ಲಿಲ್ಲ. ಬ್ರೋಕರ್ ಹೇಳಿದ್ರು, "ಮೇಡಂ, ಖಾರದ ಪುಡಿ ಉದುರಿಸಿ. ಇಲ್ಲಾಂದ್ರೆ ಏನಾದ್ರೂ ಹಾಕಿಬಿಡಿ, ಯಾರಿಗೆ ಗೊತ್ತಾಗುತ್ತೆ?" ಈ "ಏನಾದ್ರೂ ಹಾಕೋದು" ಅಂದ್ರೆ ಏನು ಅಂತ ನಿಮಗೂ ಅರ್ಥ ಆಗಿರುತ್ತೆ. ಒಂದು ಮಾತು ಖಡಾಖಂಡಿತವಾಗಿ ಹೇಳ್ತೀನಿ. ಪ್ರಾಣಿಗೆ ವಿಷ ಹಾಕೋದು, ಕೊಲ್ಲೋದು, ಅಂಗ ಊನ ಮಾಡೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರ ಪ್ರಕಾರ ಅಪರಾಧ. ಐದು ವರ್ಷದವರೆಗೆ ಜೈಲು ಆಗಬಹುದು. ಕಾನೂನು ಇರಲಿ, ಆ ಯೋಚನೆ ಬರೋ ತಲೆ ಮೊದಲು ತಣ್ಣಗಾಗಬೇಕು.

ನನ್ನ ತಲೆ ತಣ್ಣಗಿರಲಿಲ್ಲ. ಗಡುವು ಹತ್ರ ಬರ್ತಿತ್ತು. ಮುಂದಿನ ಶನಿವಾರ ಬೆಳಗ್ಗೆ ಮತ್ತೆ ಗೇಟಿನ ಮುಂದೆ ಅದೇ. ನಾನು ಮೊಬೈಲ್ ತೆಗೆದು ಒಂದು ಫೋಟೋ ಹೊಡೆದೆ. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: "ನಾಯಿ ಸಾಕೋಕೆ ಯೋಗ್ಯತೆ ಇಲ್ಲದವರು ಸಾಕಬಾರದು." ಹೆಸರು ಬರೀಲಿಲ್ಲ. ಬರೆಯೋ ಅಗತ್ಯ ಇರಲಿಲ್ಲ, ಆ ಬೀದೀಲಿ ಇರೋದೇ ಒಂದು ಲ್ಯಾಬ್ರಡಾರ್. ಹತ್ತು ನಿಮಿಷದಲ್ಲಿ ಇಪ್ಪತ್ತು ಥಂಬ್ಸ್ ಅಪ್. "ಕರೆಕ್ಟಾಗಿ ಹೇಳಿದ್ರಿ", "ಫೈನ್ ಹಾಕ್ಬೇಕು", "ಪೊಲೀಸ್ ಕಂಪ್ಲೇಂಟ್ ಕೊಡಿ". ನಿಜ ಹೇಳ್ತೀನಿ, ಆ ಕ್ಷಣಕ್ಕೆ ಖುಷಿ ಆಯ್ತು.

ಅವತ್ತು ರಾತ್ರಿ ಕೂತು ಕಾನೂನು ಹುಡುಕಿದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ, ಯಾವತ್ತಾದ್ರೂ ಬೇಕಾಗಬಹುದು. ಸಾರ್ವಜನಿಕ ಉಪದ್ರವ ಅಂದ್ರೆ ಏನು ಅನ್ನೋದು ನ್ಯಾಯ ಸಂಹಿತೆಯ ಸೆಕ್ಷನ್ 270ರಲ್ಲಿದೆ. ಸೆಕ್ಷನ್ 292ರಲ್ಲಿ ಅದಕ್ಕೆ ದಂಡ ಇದೆ, ಹೆಚ್ಚಂದ್ರೆ 1,000 ರೂಪಾಯಿ. ಇನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ನಿವಾಸಿಗಳ ಸಂಘಗಳಿಗೆ ಅಂತ ಮಾರ್ಗಸೂಚಿ ಕೊಟ್ಟಿದೆ. ಸಂಘಗಳು ನಾಯಿ ಸಾಕಬೇಡಿ ಅಂತ ನಿಷೇಧ ಹಾಕೋ ಹಾಗಿಲ್ಲ. ಗಲೀಜು ಎತ್ತಬೇಕು ಅಂತ ಸರ್ಕಾರದ ಕಾನೂನು ಇಲ್ಲದ ಕಡೆ, ಸಂಘ ತಾನೇ ನಿಯಮ ಮಾಡಿ ದಂಡ ವಸೂಲಿ ಮಾಡೋ ಹಾಗೂ ಇಲ್ಲ. ಎತ್ತಿ ಅಂತ ವಿನಂತಿ ಮಾಡಬಹುದು. ಇಷ್ಟೆಲ್ಲಾ ಓದಿದ ಮೇಲೆ ನನಗೆ ಗೊತ್ತಾಗಿದ್ದು ಒಂದೇ. ಕೇಸು, ನೋಟಿಸು ಯಾವುದೂ ಭಾನುವಾರ ಬೆಳಗ್ಗೆ ಒಂಬತ್ತರ ಒಳಗೆ ನನ್ನ ಗೇಟು ತೊಳೆಯಲ್ಲ.

ಆ ಭಾನುವಾರ ಎರಡನೇ ಪಾರ್ಟಿ ಬಂತು. ಗೇಟ್ ಮುಂದೆ ನಾನೇ ಐದಕ್ಕೆ ಎದ್ದು ಕಾವಲು ನಿಂತಿದ್ದೆ, ಎಲ್ಲಾ ಕ್ಲೀನ್. ಅವರಿಗೆ ಮನೆ ಇಷ್ಟ ಆಯ್ತು. ವಾಸ್ತು ನೋಡಿದ್ರು, ಟೆರೇಸ್ ನೋಡಿದ್ರು, ರೇಟ್ ಕೂಡ ಹತ್ರ ಹತ್ರ ಬಂತು. "ಟೋಕನ್ ಅಡ್ವಾನ್ಸ್ ಬುಧವಾರ ಕೊಡ್ತೀವಿ" ಅಂದ್ರು. ಹೊರಗೆ ಹೋದವರು ನಾವೆಲ್ಲರೂ ಮಾಡೋದನ್ನೇ ಮಾಡಿದ್ರು. ಪಕ್ಕದ ಮನೆ ಬೆಲ್ ಒತ್ತಿದ್ರು. "ಸಾರ್, ಇಲ್ಲಿ ನೀರು ಹೇಗೆ? ಅಕ್ಕಪಕ್ಕ ಹೇಗೆ? ಈ ಮನೆಯವರು ಹೇಗೆ?"

ಇಂಗ್ಲೆಂಡಿನಲ್ಲಿ ಮನೆ ಮಾರೋರು ಒಂದು ಫಾರಂ ತುಂಬುತ್ತಾರೆ. ಅಕ್ಕಪಕ್ಕದವರ ಜೊತೆ ಜಗಳ ಇದೆಯಾ, ದೂರು ಇದೆಯಾ ಅಂತ ಅದರಲ್ಲೇ ಕೇಳಿರುತ್ತೆ. ನಮ್ಮಲ್ಲಿ ಅಂಥ ಫಾರಂ ಇಲ್ಲ. ನಮ್ಮಲ್ಲಿ ಆ ಫಾರಂ ಅಂದ್ರೆ ಪಕ್ಕದ ಮನೆಯವರೇ. ಇದು ನನಗೆ ಮೊದಲೇ ಹೊಳೀಬೇಕಿತ್ತು.

ಮೇಷ್ಟ್ರು ಕೆಟ್ಟದ್ದೇನೂ ಹೇಳಲಿಲ್ಲ. "ನನ್ನನ್ನ ಏನೂ ಕೇಳಬೇಡಿ" ಅಂತ ಹೇಳಿ ಬಾಗಿಲು ಹಾಕ್ಕೊಂಡ್ರಂತೆ. ಸಾಕಾಯ್ತು. ಮಂಗಳವಾರ ಬ್ರೋಕರ್ ಫೋನ್. "ಮೇಡಂ, ಪಕ್ಕದ್ಮನೆ ಜೊತೆ ಏನೋ ಗಲಾಟೆ ಇದೆ, ನಮಗೆ ಬೇಡ ಅಂದ್ಬಿಟ್ರು."

ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಗ್ರೂಪಿನ ವಿಷಯ ಅಲ್ಲೀವರೆಗೂ ಗೊತ್ತಿರಲಿಲ್ಲ. ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದ್ಲು. "ಅಪ್ಪನಿಗೆ ಎದೆನೋವು ಬಂದ ರಾತ್ರಿ ಆಟೋ ತಂದಿದ್ದು ಯಾರು ಅಂತ ಗ್ರೂಪಲ್ಲಿ ಬರೆದ್ಯಾ?"

ಮೇಷ್ಟ್ರು ತಂದಿದ್ದು. ರಾತ್ರಿ ಒಂದೂವರೆಗೆ. ನಾನು ಬೆಂಗಳೂರಿಂದ ಬಂದು ಮುಟ್ಟೋ ತನಕ ಆಸ್ಪತ್ರೆ ಬೆಂಚಿನ ಮೇಲೆ ಅಮ್ಮನ ಜೊತೆ ಕೂತಿದ್ದವರೂ ಅವರೇ.

ಆ ವಾರ ಶುಕ್ರವಾರ ರಾತ್ರಿನೇ ಮೈಸೂರಿಗೆ ಹೋದೆ. ಬೆಳಗ್ಗೆ ಐದೂಕಾಲಿಗೆ ಜಗಲಿ ಮೇಲೆ ಕೂತೆ, ಬೈಯೋಕಲ್ಲ, ನೋಡೋಕೆ. ನಮ್ಮ ಬೀದಿ ದೀಪ ಕೆಟ್ಟು ಎಷ್ಟೋ ದಿನ ಆಗಿತ್ತು. ಮೇಷ್ಟ್ರು ಗೇಟ್ ತೆಗೆದ್ರು. ಬ್ರೂನೋ ಬಂದ, ದಾಸವಾಳದ ಬುಡದಲ್ಲಿ ಕೂತ, ಹೋದ. ಆಮೇಲೆ ಮೇಷ್ಟ್ರು ಹೊರಗೆ ಬಂದ್ರು. ಒಂದು ಕೈಯಲ್ಲಿ ಗೇಟ್ ಹಿಡ್ಕೊಂಡಿದ್ದಾರೆ, ಇನ್ನೊಂದು ಕೈಯಲ್ಲಿ ಹಿಡಿ ಉದ್ದ ಇರೋ ಮೊರ. ಮಬ್ಬಿನಲ್ಲಿ ನೆಲ ಹುಡುಕ್ತಾ ಇದ್ದಾರೆ. ಒಂದಡಿ ಆಚೆ ಇರೋ ಒಣ ಎಲೆಗಳನ್ನ ಮೊರಕ್ಕೆ ಎಳ್ಕೊಂಡು, ಕವರಿಗೆ ಹಾಕಿ, ಒಳಗೆ ಹೋದ್ರು.

ನಾನು ಹೋಗಿ ಬೆಲ್ ಒತ್ತಿದೆ. "ಮೇಷ್ಟ್ರೇ, ತಪ್ಪಾಯ್ತು" ಅಂದೆ.

ಅವರು ನನ್ನನ್ನ ಒಳಗೆ ಕರೆದ್ರು. ಹೈಸ್ಕೂಲಲ್ಲಿ ನನಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಟ್ಟ ಅದೇ ಕುರ್ಚಿ, ಅದೇ ಟೇಬಲ್. "ನಾನು ದಿನಾ ತೆಗೀತೀನಿ ಕಣಮ್ಮ" ಅಂದ್ರು. "ನನಗೆ ಕಂಡಿದ್ದನ್ನ." ಸೊಂಟದ ಮೂಳೆ ಆಪರೇಷನ್ ಆದ್ಮೇಲೆ ಬಗ್ಗಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ. ಚೈನ್ ಹಿಡಿದು ವಾಕಿಂಗ್ ಕರ್ಕೊಂಡು ಹೋದ್ರೆ ಬ್ರೂನೋ ಎಳೆದು ಬೀಳಿಸ್ತಾನೆ ಅಂತ ಭಯ. ಅದಕ್ಕೆ ಗೇಟ್ ತೆಗೆದು ಬಿಡೋದು.

ಇನ್ನೊಂದು ವಿಷಯ ಅವರು ನೆಲ ನೋಡ್ತಾ ಹೇಳಿದ್ರು. ಅವರ ಹತ್ರ ಸ್ಮಾರ್ಟ್‌ಫೋನ್ ಇಲ್ಲ. ಆದ್ರೆ ಗ್ರೂಪಲ್ಲಿ ಅವರ ಮಗ ಇದ್ದಾನೆ, ಲಾಕ್‌ಡೌನ್ ಟೈಮಲ್ಲಿ ಸೇರಿದ್ದವನು. ಆ ಫೋಟೋ ಮೊದಲು ನೋಡಿದ್ದು ಅವನು. ಮಾನ ಹೋಯ್ತು ಅಂತ ಅಪ್ಪನಿಗೆ ಫೋನ್ ಮಾಡಿ, "ಮುಂದಿನ ವಾರ ಬರ್ತೀನಿ, ಬ್ರೂನೋನ ಎಲ್ಲಾದ್ರೂ ಬಿಟ್ಟು ಬರ್ತೀನಿ" ಅಂದಿದ್ದ. ಮೇಷ್ಟ್ರು ನನ್ನನ್ನ ಕೇಳಿದ್ರು, "ಎಲ್ಲಾದ್ರೂ ಅಂದ್ರೆ ಎಲ್ಲಿ ಬಿಡ್ತಾರಮ್ಮ?"

ಬ್ರೂನೋ ಅವರ ಕಾಲ ಮೇಲೆ ತಲೆ ಇಟ್ಕೊಂಡು ಮಲಗಿದ್ದ. ನನ್ನ ಒಂದು ಫೋಟೋ, ಇಪ್ಪತ್ತು ಥಂಬ್ಸ್ ಅಪ್, ಅಷ್ಟಕ್ಕೆ ಆ ಮನೇಲಿ ಉಳಿದಿದ್ದ ಒಂದೇ ಒಂದು ಜೀವ ಬೀದಿಗೆ ಬೀಳೋದ್ರಲ್ಲಿತ್ತು. ಸಾಕಿದ ಪ್ರಾಣೀನ ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಬಿಟ್ಟುಬಿಡೋದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದನ್ನ ಮಗನಿಗೆ ಹೇಳೋಕೆ ನನಗೆ ಬಾಯಿರಲಿಲ್ಲ, ಯಾಕಂದ್ರೆ ಅವನನ್ನ ಅಲ್ಲಿಗೆ ತಳ್ಳಿದ್ದೇ ನಾನು.

ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ಗ್ರೂಪಲ್ಲಿ ಫೋಟೋ ಡಿಲೀಟ್ ಮಾಡೋ ಟೈಮ್ ಮುಗಿದಿತ್ತು. ಅದಕ್ಕೆ ಅದರ ಕೆಳಗೇ ಬರೆದೆ: "ನಾನು ಮೊದಲು ಹೋಗಿ ಮಾತಾಡಬೇಕಿತ್ತು, ಮಾತಾಡಲಿಲ್ಲ. ತಪ್ಪು ನನ್ನದು. ಈಗ ಮಾತಾಡಿದ್ದೀವಿ." ಇದಕ್ಕೆ ಬಂದಿದ್ದು ಮೂರೇ ಥಂಬ್ಸ್ ಅಪ್.

ಇನ್ನು ಪರಿಹಾರ. ಬ್ರೂನೋನ ನೋಡೋ ಪಶುವೈದ್ಯರ ಹತ್ರ ಮೂರೂ ಜನ ಹೋದ್ವಿ: ನಾನು, ಮೇಷ್ಟ್ರು, ಬ್ರೂನೋ. ಅವರು ಹೇಳಿದ್ದು ಯಾವ ಬೀದಿಗಾದ್ರೂ ಉಪಯೋಗ ಆಗುತ್ತೆ, ಕೇಳಿಸ್ಕೊಳ್ಳಿ.

ಒಂದು, ನಾಯಿ ಅದೇ ಜಾಗಕ್ಕೆ ಬರೋದು ಹಠಕ್ಕಲ್ಲ, ವಾಸನೆಗೆ. ಫಿನಾಯಿಲ್ ವಾಸನೆ ನಮ್ಮ ಮೂಗಿಗೆ ಅದನ್ನ ಮುಚ್ಚುತ್ತೆ, ನಾಯಿ ಮೂಗಿಗೆ ಮುಚ್ಚಲ್ಲ. ಅದೂ ಅಲ್ಲದೆ ಫಿನಾಯಿಲ್ ನೆಕ್ಕಿದ್ರೆ ನಾಯಿಗೆ ಅಪಾಯ. ಸಾಕುಪ್ರಾಣಿಗಳ ಗಲೀಜಿಗೆ ಅಂತಲೇ ಎಂಜೈಮ್ ಇರೋ ಕ್ಲೀನರ್ ಸಿಗುತ್ತೆ, ಅದು ವಾಸನೆಯ ಮೂಲಾನೇ ಒಡೆಯುತ್ತೆ. ಅಮೋನಿಯಾ ಇರೋ ಕ್ಲೀನರ್ ಬೇಡ, ಅದರ ವಾಸನೆ ಉಚ್ಚೆ ವಾಸನೆ ಥರಾನೇ ಇರೋದ್ರಿಂದ ನಾಯಿ ಮತ್ತೆ ಬರಬಹುದು.

ಎರಡು, ಬೇಡ ಅನ್ನೋ ಜಾಗ ತೋರಿಸಿದ್ರೆ ಸಾಲದು, ಬೇಕು ಅನ್ನೋ ಜಾಗ ಕೊಡಬೇಕು. ಮೇಷ್ಟ್ರ ಕಾಂಪೌಂಡ್ ಒಳಗೆ ತೆಂಗಿನ ಮರದ ಹಿಂದೆ ಒಂದು ಮೂಲೆಗೆ ಮರಳು ಹಾಕಿಸಿದ್ವಿ. ಬ್ರೂನೋದೇ ಒಂದು ಸ್ವಲ್ಪ ತಂದು ಅಲ್ಲಿಟ್ವಿ. ಹೌದು, ನಾನೇ ತಂದೆ, ಪೇಪರಲ್ಲಿ ಸುತ್ಕೊಂಡು. ಬೆಳಗ್ಗೆ ಅವನನ್ನ ಮೊದಲು ಅಲ್ಲಿಗೆ ಕರ್ಕೊಂಡು ಹೋಗೋದು, ಅಲ್ಲಿ ಕೂತರೆ ತಕ್ಷಣ ಒಂದು ಬಿಸ್ಕತ್ತು.

ಮೂರು, ಊಟಕ್ಕೆ ಗೊತ್ತಾದ ಟೈಮ್ ಇರಬೇಕು. ತಿಂದ ಸ್ವಲ್ಪ ಹೊತ್ತಿಗೇ ಹೊರಗೆ ಹೋಗೋ ಅಭ್ಯಾಸ ನಾಯಿಗಳಿಗೆ. ಆಗ ಕರ್ಕೊಂಡು ಹೋಗೋಕೆ ಒಬ್ಬರು ಬೇಕು. ಹಿಂದಿನ ರಸ್ತೆಯ ಪಿ.ಯು.ಸಿ. ಓದೋ ಹುಡುಗನೊಬ್ಬ ಒಪ್ಪಿಕೊಂಡ. ಮಗ ದುಡ್ಡು ಕೊಡ್ತೀನಿ ಅಂದ. ಮೊದಲ ಎರಡು ತಿಂಗಳದ್ದು ನಾನು ಕೊಟ್ಟೆ.

ನಾಲ್ಕು, ಎತ್ತಿದ್ದನ್ನ ಹಸಿ ಕಸಕ್ಕೆ ಹಾಕಬಾರದು. ಸಗಣಿ ಗೊಬ್ಬರ ಆಗುತ್ತಲ್ಲ, ಇದೂ ಆಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ನಾಯಿಯ ಹೊಟ್ಟೆಯ ದುಂಡುಹುಳದ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಉಳಿಯುತ್ತವೆ. ಮಣ್ಣಲ್ಲಿ ಆಡೋ ಮಕ್ಕಳ ಕೈಯಿಂದ ಬಾಯಿಗೆ ಹೋಗಬಹುದು. ಅದಕ್ಕೇ ನಾಯಿಗೆ ಕಾಲಕಾಲಕ್ಕೆ ಜಂತುಹುಳದ ಔಷಧಿ ಹಾಕಿಸಬೇಕು, ಗಲೀಜು ಅವತ್ತಿಂದು ಅವತ್ತೇ ಎತ್ತಬೇಕು. ಆ ಮೊದಲನೇ ಮಗುವಿನ ತಾಯಿ ಮುಖ ಹಾಗಾಗಿದ್ದು ಬರೀ ಅಸಹ್ಯಕ್ಕಲ್ಲ ಅಂತ ನನಗೆ ಆಗ ಅರ್ಥ ಆಯ್ತು.

ಮೂರು ವಾರದಲ್ಲಿ ಎಲ್ಲಾ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ವಾರಕ್ಕೆ ಒಂದೆರಡು ಸಲ ಬ್ರೂನೋ ಇನ್ನೂ ದಾಸವಾಳದ ಹತ್ರ ಬರ್ತಿದ್ದ. ಗಡುವಿಗೆ ಇನ್ನು ಒಂದೇ ತಿಂಗಳಿತ್ತು. ಆಗ ಮೂರನೇ ಪಾರ್ಟಿ ಬಂತು. ವಯಸ್ಸಾದ ಅತ್ತೆ, ಸೊಸೆ, ಇಬ್ಬರು ಮಕ್ಕಳು. ಬ್ರೋಕರ್ ನನ್ನ ಕಿವಿಯಲ್ಲಿ, "ನಾಯಿ ವಿಷಯ ಎತ್ತಬೇಡಿ ಮೇಡಂ" ಅಂದ್ರು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 55 ಒಂದು ಮಾತು ಹೇಳುತ್ತೆ. ಆಸ್ತಿಯಲ್ಲೋ ಹಕ್ಕಿನಲ್ಲೋ ಮುಖ್ಯವಾದ ದೋಷ ಇದ್ದು, ಅದು ಮಾರೋರಿಗೆ ಗೊತ್ತಿದ್ದು, ಕೊಳ್ಳೋರಿಗೆ ಸಾಮಾನ್ಯ ಎಚ್ಚರದಿಂದ ನೋಡಿದ್ರೂ ಗೊತ್ತಾಗದೆ ಇದ್ರೆ, ಮಾರೋರೇ ಹೇಳಬೇಕು. ಅದು ಪಕ್ಕದ ಮನೆ ನಾಯಿಗೆ ಬರೆದ ಸೆಕ್ಷನ್ ಅಲ್ಲ, ನನಗೂ ಗೊತ್ತು. ಆದ್ರೆ ಐದೂವರೆಗೆ ನಡೆಯೋದು ಹತ್ತು ಗಂಟೆಗೆ ಬಂದವರಿಗೆ ಕಾಣಲ್ಲ. ಅವರು ಅಲ್ಲಿ ಬದುಕಬೇಕಾದವರು.

ನಾನು ಹೇಳಿದೆ. "ಪಕ್ಕದಲ್ಲಿ ಒಂದು ನಾಯಿ ಇದೆ. ಇಲ್ಲಿವರೆಗೂ ನಮ್ಮ ಗೇಟಿನ ಹತ್ರ ಗಲೀಜು ಮಾಡ್ತಿತ್ತು. ಈಗ ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ಯಾರು, ಹೇಗೆ ನೋಡ್ಕೋತಾ ಇದ್ದಾರೆ ಅಂತಲೂ ಹೇಳ್ತೀನಿ." ಬ್ರೋಕರ್ ಮುಖ ನೋಡೋ ಹಾಗಿತ್ತು. ಆ ಅತ್ತೆ ಕೇಳಿದ್ರು, "ಕಚ್ಚುತ್ತಾ?" "ಇಲ್ಲಮ್ಮ, ನೆಕ್ಕುತ್ತೆ." ಆಮೇಲೆ ಅವರು ಪಕ್ಕದ ಮನೆಗೆ ಹೋದ್ರು. ಈ ಸಲ ಮೇಷ್ಟ್ರು ಬಾಗಿಲು ತೆಗೆದ್ರು. ನೀರು ಯಾವಾಗ ಬರುತ್ತೆ, ಹಾಲು ಎಲ್ಲಿ ಸಿಗುತ್ತೆ, ಮಳೆಗಾಲದಲ್ಲಿ ಯಾವ ಕಿಟಕಿ ಸೋರುತ್ತೆ ಎಲ್ಲಾ ಹೇಳಿದ್ರಂತೆ. ಕಿಟಕಿ ವಿಷಯ ನಾನೇ ಮರೆತಿದ್ದೆ.

ಕೇಳಿದ ರೇಟಿಗಿಂತ ಎರಡು ಲಕ್ಷ ಕಮ್ಮಿಗೆ ವ್ಯಾಪಾರ ಆಯ್ತು. ನಾಯಿ ಹೇಳದೇ ಇದ್ದಿದ್ರೆ ಆ ಎರಡು ಲಕ್ಷ ಉಳೀತಿತ್ತಾ? ಉಳೀತಿತ್ತೋ ಏನೋ. ಗಡುವಿಗೆ ಒಂಬತ್ತು ದಿನ ಮೊದಲು ರಿಜಿಸ್ಟ್ರೇಷನ್ ಮುಗೀತು. ಹೊರಡೋ ದಿನ ಅಮ್ಮ ದಾಸವಾಳದ ಒಂದು ಕಡ್ಡಿ ಮುರ್ಕೊಂಡು ಒದ್ದೆ ಬಟ್ಟೇಲಿ ಸುತ್ತಿ ಇಟ್ಕೊಂಡ್ಲು. "ಚೆನ್ನಾಗಿ ಗೊಬ್ಬರ ತಿಂದ ಗಿಡ" ಅಂದ್ಲು. ಅಲ್ಲಮ್ಮ, ಡಾಕ್ಟರ್ ಏನು ಹೇಳಿದ್ರು ಅಂದ್ರೆ ಅಂತ ಶುರು ಮಾಡಿದೆ. ಅಮ್ಮ ನಗ್ತಾ ಇದ್ಲು, ಮೇಷ್ಟ್ರೂ ನಗ್ತಾ ಇದ್ರು. ನಾನು ಸುಮ್ಮನಾದೆ.

ಮೊನ್ನೆ ಹೊಸ ಮನೆಯವರು ಫೋನ್ ಮಾಡಿದ್ರು. ಹುಡುಗನಿಗೆ ಪರೀಕ್ಷೆ, ಮೂರು ದಿನ ಬಂದಿಲ್ಲ, ಗೇಟಿನ ಮುಂದೆ ಮತ್ತೆ ಶುರು ಆಗಿದೆ ಅಂತ. ಮನೆ ಮಾರಿಯಾಯ್ತು, ನನಗೇನು ಸಂಬಂಧ ಅನ್ನಬಹುದಿತ್ತು. ಹುಡುಗನ ನಂಬರ್, ಮೇಷ್ಟ್ರ ಮಗನ ನಂಬರ್ ಕೊಟ್ಟು, ಇಬ್ಬರಿಗೂ ಒಂದೊಂದು ಫೋನ್ ಮಾಡಿದೆ. ಐದು ನಿಮಿಷದ ಕೆಲಸ.

ನಿಮ್ಮ ಮನೆ ಮುಂದೆಯೂ ಇಂಥದ್ದೊಂದು ಇರಬಹುದು. ನಾಯಿ ಗಲೀಜು ಇರಬಹುದು, ಕಾರ್ ಪಾರ್ಕಿಂಗ್ ಇರಬಹುದು, ಮೇಲಿನ ಮನೆ ನೀರು ಇರಬಹುದು. ಸಹಿಸ್ಕೊಳ್ಳಿ ಅಂತ ನಾನು ಹೇಳಲ್ಲ. ಅಮ್ಮ ವರ್ಷಾನುಗಟ್ಟಲೆ ಸುಮ್ಮನೆ ಎತ್ತಿ ಹಾಕಿದ್ದೂ ಸರಿ ಅಲ್ಲ, ಅದರಿಂದ ಮೇಷ್ಟ್ರಿಗೆ ಅಲ್ಲೊಂದು ಸಮಸ್ಯೆ ಇದೆ ಅಂತಲೇ ಗೊತ್ತಾಗಲಿಲ್ಲ. ಹೇಳಿ. ಆದ್ರೆ ಮೊದಲು ಅವರಿಗೆ ಹೇಳಿ, ಆಮೇಲೆ ಊರಿಗೆ.

ಬೆಂಗಳೂರಿನ ಹೊಸ ಫ್ಲ್ಯಾಟಿಗೆ ಬಂದು ಎರಡು ತಿಂಗಳಾಯ್ತು. ಹೋದ ವಾರ ಲಿಫ್ಟಿನ ಮುಂದೆ, ಸರಿಯಾಗಿ ನಮ್ಮ ಬಾಗಿಲ ಹತ್ರ, ಒಂದು ಸಣ್ಣ ಗುಡ್ಡೆ. ಎದುರು ಮನೆಯಲ್ಲಿ ಒಂದು ಪಗ್ ಇದೆ. ಕೈ ತಾನಾಗೇ ಮೊಬೈಲ್ ಕಡೆ ಹೋಯ್ತು, ಕ್ಯಾಮೆರಾ ಕೂಡ ಓಪನ್ ಆಯ್ತು. ಮುಚ್ಚಿದೆ. ಹೋಗಿ ಬೆಲ್ ಒತ್ತಿದೆ.